ಪದಚರ್ಚೆ: ಹಿಚ್‌ಕಾಕ್ ಸಿನಿಮಾಗಳ 'ಸಸ್ಪೆನ್ಸ್'ಗೆ ಕುತೂಹಲ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ನಾವು ಕೆಲವು ಗೆಳೆಯರು ಸೇರಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಸಿನಿಮಾಗಳನ್ನು ಹಳೆಯದರಿಂದ ಶುರುಮಾಡಿ ಒಂದೊಂದಾಗಿ ನೋಡುತ್ತಿದ್ದೇವೆ. ಪ್ರತಿ ಸಿನಿಮಾಕ್ಕೂ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನದು. ಬರೆಯಲು ಕೂತಾಗಲೆಲ್ಲ 'ಸಸ್ಪೆನ್ಸ್' ಎಂಬಲ್ಲಿಗೆ ಬಂದು ಕೈ ನಿಲ್ಲುತ್ತದೆ. ಕುತೂಹಲ, ಕಾತರ, ಆತಂಕ, ಕಳವಳ, ತಳಮಳ ಅಂತ ಪದಗಳಿಗೇನೂ ಬರವಿಲ್ಲ. ಆದರೆ ಒಂದೊಂದೂ ಬೇರೆ ಭಾವ. ಹಿಚ್‌ಕಾಕ್ ಮಾಡಿದ ಕೆಲಸಕ್ಕೆ ಇವುಗಳಲ್ಲಿ ಯಾವುದು ಸರಿಯಾಗಿ ಕೂರುತ್ತದೆ?

'ಸಸ್ಪೆನ್ಸ್ ಅಂತಲೇ ಬರೀರಿ, ಎಲ್ಲರಿಗೂ ಗೊತ್ತು' ಅನ್ನಬಹುದು. ಗೊತ್ತಿರುವುದೇ ತೊಡಕು. ಈ ಪದ ನಮ್ಮ ಮಾತಿಗೆ ಬಂದು ಬೇರೆ ಅರ್ಥ ಪಡೆದುಕೊಂಡಿದೆ. 'ಹುಡುಗಿ ಯಾರು ಅಂತ ಈಗ್ಲೇ ಹೇಳಲ್ಲ, ಸಸ್ಪೆನ್ಸ್' ಅನ್ನುತ್ತೇವೆ. 'ಸಸ್ಪೆನ್ಸ್ ಇಡಬೇಡ, ಬೇಗ ಹೇಳು' ಅಂತ ಗದರಿಸುತ್ತೇವೆ. ಸಿನಿಮಾ ನೋಡಿ ಬಂದವರಿಗೆ 'ಸಸ್ಪೆನ್ಸ್ ಹೇಳ್ಬಿಡಬೇಡ' ಅಂದರೆ ಕೊಲೆ ಮಾಡಿದ್ದು ಯಾರು ಅಂತ ಬಾಯಿ ಬಿಡಬೇಡ ಅಂತ. ಈ ಎಲ್ಲ ಕಡೆ ಅದರ ಅರ್ಥ ಒಂದೇ, ಗುಟ್ಟು. ಕೇಳುವವನಿಗೆ ಗೊತ್ತಿಲ್ಲದೆ ಇರುವುದು.

ಹಿಚ್‌ಕಾಕ್ ಹೇಳುತ್ತಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಹಾಲಿವುಡ್‌ಗೆ ಬಂದು ಅವರ ಒಂದೊಂದು ಸಿನಿಮಾದ ಬಗ್ಗೆಯೂ ದಿನಗಟ್ಟಲೆ ಕೇಳಿ ಧ್ವನಿಮುದ್ರಿಸಿಕೊಂಡರು. ಅದು 1966ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಒಂದು ಉದಾಹರಣೆ ತುಂಬಾ ಹೆಸರುವಾಸಿ. ಇಬ್ಬರು ಮೇಜಿನ ಮುಂದೆ ಕೂತು ಏನೋ ಸಾಧಾರಣ ಮಾತಾಡುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಮೇಜಿನ ಕೆಳಗಿದ್ದ ಬಾಂಬ್ ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುತ್ತಾರೆ, 15 ಸೆಕೆಂಡಿನಲ್ಲಿ ಮುಗಿಯಿತು. ಈಗ ಅದೇ ದೃಶ್ಯದಲ್ಲಿ ಬಾಂಬ್ ಇಟ್ಟಿದ್ದನ್ನು ನಮಗೆ ಮೊದಲೇ ತೋರಿಸಿ, ಗೋಡೆಯ ಗಡಿಯಾರವನ್ನೂ ತೋರಿಸಿ. ಆಗ ಅದೇ ಸಾಧಾರಣ ಮಾತನ್ನು 15 ನಿಮಿಷ ಕೂತಲ್ಲಿ ಕೂರಲಾರದೆ ಕೇಳುತ್ತೇವೆ. 'ಅಯ್ಯೋ, ಎದ್ದು ಹೋಗ್ರಪ್ಪಾ' ಅಂತ ಒಳಗೇ ಕೂಗುತ್ತೇವೆ.

ಅಂದರೆ ಅವರ ಸಸ್ಪೆನ್ಸ್ ಹುಟ್ಟುವುದು ನಮಗೆ ಗೊತ್ತಿರುವುದರಿಂದ. ಗುಟ್ಟು ಬಿಟ್ಟುಕೊಟ್ಟ ಮೇಲೆ ಅದು ಶುರುವಾಗುತ್ತದೆ. ಕೊನೆಯವರೆಗೂ ಕೊಲೆಗಾರನನ್ನು ಬಚ್ಚಿಡುವ ಕಥೆಗಳ ಬಗ್ಗೆ ಅವರಿಗೆ ಅಷ್ಟು ಒಲವಿರಲಿಲ್ಲ. ಅದು ಪದಬಂಧ ಬಿಡಿಸಿದ ಹಾಗೆ, ಅದರಲ್ಲಿ ಭಾವನೆಗೆ ಜಾಗ ಇಲ್ಲ ಅನ್ನುತ್ತಿದ್ದರು. ಹಾಗಾಗಿ ಹಿಚ್‌ಕಾಕ್ ಅವರನ್ನು 'ಪತ್ತೇದಾರಿ ಸಿನಿಮಾಗಳ ನಿರ್ದೇಶಕ' ಅಂತ ಕರೆದರೆ ನನಗೆ ಒಪ್ಪಿಗೆಯಾಗುವುದಿಲ್ಲ. 'ರಹಸ್ಯ ಚಿತ್ರ' ಎಂಬುದೂ ಅಷ್ಟೇ. 'ರೋಚಕ'ವಂತೂ ಈಗ ಕ್ರಿಕೆಟ್ ಪಂದ್ಯದ ವರದಿಗೆ ಮೀಸಲಾಗಿಬಿಟ್ಟಿದೆ.

ಒಂದು ದೃಶ್ಯ ಹತ್ತಿರದಿಂದ ನೋಡೋಣ. ಪದಗಳನ್ನು ತೂಗಿ ನೋಡಲು ಅದೇ ಒಳ್ಳೆಯದು.

1936ರ 'ಸಾಬೊಟಾಜ್'. ಲಂಡನ್ನಿನಲ್ಲಿ ಒಂದು ಚಿಕ್ಕ ಸಿನಿಮಾ ಮಂದಿರ ನಡೆಸುವ ವರ್ಲಾಕ್ ಒಳಗೊಳಗೇ ವಿಧ್ವಂಸಕರ ಕೆಲಸದವನು. ತಾನು ಒಯ್ಯಬೇಕಿದ್ದ ಬಾಂಬನ್ನು ಹೆಂಡತಿಯ ಪುಟ್ಟ ತಮ್ಮ ಸ್ಟೀವಿಯ ಕೈಗೆ ಕೊಟ್ಟು ಕಳಿಸುತ್ತಾನೆ. ಹುಡುಗನಿಗೆ ಅದು ಸುಮ್ನೆ ಒಂದು ಪೊಟ್ಟಣ. ಅದು 1.45ಕ್ಕೆ ಸಿಡಿಯುತ್ತದೆ ಅಂತ ನಮಗೆ ಗೊತ್ತು. ಹುಡುಗ ನೇರ ಹೋಗಿದ್ದರೆ ಬದುಕುತ್ತಿದ್ದನೇನೋ. ಆದರೆ ಹುಡುಗರು ನೇರ ಹೋಗುತ್ತಾರಾ? ಬೀದಿಯಲ್ಲಿ ಹಲ್ಲಿನ ಪೇಸ್ಟ್ ಮಾರುವವನೊಬ್ಬ ಇವನನ್ನೇ ಎಳೆದು ಕೂರಿಸಿ, ಹಲ್ಲು ಉಜ್ಜಿ, ತಲೆಗೆ ಎಣ್ಣೆ ಹಚ್ಚಿ ಜನಕ್ಕೆ ತೋರಿಸುತ್ತಾನೆ. ಆಮೇಲೆ ಮೇಯರ್ ಮೆರವಣಿಗೆ ಅಡ್ಡ ಬರುತ್ತದೆ. ಕೊನೆಗೆ ಬಸ್ ಹತ್ತುತ್ತಾನೆ. ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ಹತ್ತಿರ ಒಂದು ನಾಯಿಮರಿ. ಹುಡುಗ ಮರಿಯ ಜೊತೆ ಆಟಕ್ಕೆ ಬೀಳುತ್ತಾನೆ. ಬಸ್ಸು ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಬೀದಿಯ ಗಡಿಯಾರಗಳು ಒಂದಾದ ಮೇಲೊಂದು ಕಾಣುತ್ತವೆ. ಮತ್ತೆ ಪೊಟ್ಟಣ. ಮತ್ತೆ ನಾಯಿಮರಿ.

ಇಲ್ಲಿ ನಮ್ಮ ಪದಗಳನ್ನು ಇಟ್ಟು ನೋಡಿ. 'ಸ್ಟೀವಿ ಬಸ್ ಹತ್ತಿದ ಮೇಲೆ ನಮ್ಮ ಕುತೂಹಲ ಹೆಚ್ಚಾಗುತ್ತದೆ.' ಆಗುವುದಿಲ್ಲ. ಕುತೂಹಲ ಇರುವವನಿಗೆ ಮುಂದೇನು ಅಂತ ನೋಡುವ ಆಸೆ ಇರುತ್ತದೆ. ಇಲ್ಲಿ ನೋಡುವುದೇ ಬೇಡ ಅನಿಸುತ್ತಿದೆ. 'ಕಾತರದಿಂದ ನೋಡುತ್ತೇವೆ.' ಇದೂ ಬೇಡ. ಕಾತರದಲ್ಲಿ ಕಾಯುವಿಕೆ ಇದೆ, ಅಷ್ಟರ ಮಟ್ಟಿಗೆ ಹತ್ತಿರ. ಆದರೆ ಕಾತರದಿಂದ ಕಾಯುವುದು ಮಗಳು ಊರಿಗೆ ಬರುವುದನ್ನು, ಪರೀಕ್ಷೆಯ ಫಲಿತಾಂಶವನ್ನು. ಬರಲಿ ಎಂಬ ಹಂಬಲ ಅದರೊಳಗಿದೆ. ದಿಗಿಲು ಒಂದೇ ಏಟಿಗೆ ಬೀಳುವುದು, 'ದಿಗಿಲು ಬಿದ್ದೆ' ಅಂತಲೇ ಅಲ್ವಾ ಹೇಳುವುದು? ಅದು ಮೇಜಿನ ಕೆಳಗಿನ ಬಾಂಬಿನ ಮೊದಲನೆಯ ಬಗೆಗೆ, ಬೆಚ್ಚುವುದಕ್ಕೆ, ಹೊಂದುತ್ತದೆ.

ಆತಂಕ ನಡೆಯುತ್ತದೆ. ಆದರೂ ಒಂದು ಅಡಚಣೆ ಇದೆ. ನನ್ನ ಕಿವಿಗೆ ಆತಂಕ ಅಪಾಯದಲ್ಲಿ ಸಿಕ್ಕಿದವನದು. ಈ ದೃಶ್ಯದಲ್ಲಿ ಸಿಕ್ಕಿದವನು ಸ್ಟೀವಿ, ಅವನಿಗೆ ಆತಂಕ ಎಳ್ಳಷ್ಟೂ ಇಲ್ಲ. ಖುಷಿಯಾಗಿ ನಾಯಿಮರಿ ಮುದ್ದಿಸುತ್ತಿದ್ದಾನೆ. ಸಂಕಟ ಎಲ್ಲ ಕುರ್ಚಿಯಲ್ಲಿ ಕೂತ ನಮ್ಮದು, ಏನೂ ಮಾಡಲಾಗದವರದು. ಅದಕ್ಕೆ ನನಗೆ 'ತಳಮಳ' ಸರಿ ಅನಿಸುತ್ತದೆ. ಕಂಡೂ ಕೈಲಾಗದೆ, ನಿಂತಲ್ಲಿ ನಿಲ್ಲಲಾರದೆ, ಹೊಟ್ಟೆಯೊಳಗೆ ಆಗುವುದು ತಳಮಳ. ಸ್ಟೀವಿಯ ಅಕ್ಕ ಅದೇ ಬಸ್ಸನ್ನು ನೋಡುತ್ತಿದ್ದರೆ ಅವಳಿಗೆ ಏನಾಗುತ್ತಿತ್ತು ಅಂತ ಯಾರನ್ನಾದರೂ ಕೇಳಿ. 'ತಳಮಳ' ಅಂತಲೇ ಬರುತ್ತದೆ ಅಂತ ನನ್ನ ನಂಬಿಕೆ.

ಆ ದೃಶ್ಯದಲ್ಲಿ ಬಾಂಬ್ ಸಿಡಿದೇಬಿಡುತ್ತದೆ. ಹುಡುಗ, ಹೆಂಗಸು, ನಾಯಿಮರಿ, ಯಾರೂ ಉಳಿಯುವುದಿಲ್ಲ. ಹುಡುಗನನ್ನು ಸಾಯಿಸಿದ್ದು ತಪ್ಪಾಯಿತು ಅಂತ ಹಿಚ್‌ಕಾಕ್ ಆಮೇಲೆ ತ್ರೂಫೋಗೆ ಹೇಳಿದರು. ಜನರನ್ನು ಅಷ್ಟು ಹೊತ್ತು ಹಿಂಡಿದ ಮೇಲೆ ಬಿಡುಗಡೆ ಕೊಡಲೇಬೇಕು ಎಂಬುದು ಅವರ ಲೆಕ್ಕ. ಇದೂ ನನ್ನ ಕಡೆಗೇ ಬರುತ್ತದೆ. ಕುತೂಹಲ ತಣಿಯುತ್ತದೆ, ಗುಟ್ಟು ರಟ್ಟಾಗುತ್ತದೆ, ತಳಮಳ ಶಮನವಾಗಬೇಕು.

1954ರ 'ರಿಯರ್ ವಿಂಡೋ' ಈ ಕೈಲಾಗದತನವನ್ನೇ ಕಥೆಯಾಗಿ ಹೆಣೆದ ಸಿನಿಮಾ. ಛಾಯಾಗ್ರಾಹಕ ಜೆಫ್ರೀಸ್‌ಗೆ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಗಾಲಿಕುರ್ಚಿಯಲ್ಲಿ ಕೂತು ಹಿತ್ತಲಿನ ಆಚೆಯ ಮನೆಗಳನ್ನು ನೋಡುವುದೇ ಕೆಲಸ. ಪ್ರೇಯಸಿ ಲೀಸಾ ಕೊಲೆಗಾರನ ಮನೆಯೊಳಗೆ ನುಗ್ಗಿದ್ದಾಳೆ. ಅವನು ವಾಪಸ್ಸು ಬರುತ್ತಿರುವುದು ಜೆಫ್ರೀಸ್‌ಗೆ ಕಾಣುತ್ತಿದೆ, ಅವಳಿಗೆ ಕಾಣುತ್ತಿಲ್ಲ. ಅವನ ಸ್ಥಿತಿ ನೋಡುಗರ ಸ್ಥಿತಿಯೇ. ಜೆಫ್ರೀಸ್ ಆಗಿ ನಟಿಸಿದ ಜೇಮ್ಸ್ ಸ್ಟೂವರ್ಟ್ ಮುಖ ನೋಡಿ, ಅಲ್ಲಿರುವುದು ಕುತೂಹಲ ಅಂತ ಯಾರಾದರೂ ಹೇಳುತ್ತಾರಾ?

ಹೇಳುವುದಿಲ್ಲ, ಆದರೆ ಸಿನಿಮಾದ ಮೊದಲರ್ಧದಲ್ಲಿ ಅದೇ ಮುಖದಲ್ಲಿ ಇದ್ದದ್ದು ಕುತೂಹಲವೇ. ಕಂಡವರ ಮನೆ ಇಣುಕುವ ಕುತೂಹಲ. ಅದು ಎಲ್ಲಿ ಬಂದು ತಳಮಳವಾಗಿ ತಿರುಗಿತು ಅಂತ ಗೆರೆ ಎಳೆಯಬಹುದು. ಕನ್ನಡದಲ್ಲಿ ಎರಡು ಪದ ಬೇರೆ ಬೇರೆ ಇರುವುದು ಇಲ್ಲಿ ದೊಡ್ಡ ಅನುಕೂಲ. ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೇನೆ.

'ವರ್ಟಿಗೋ' (1958) ಬಗ್ಗೆಯೂ ಒಂದು ಮಾತು. ಅದಕ್ಕೆ ಆಧಾರವಾದ ಫ್ರೆಂಚ್ ಕಾದಂಬರಿಯಲ್ಲಿ ಮುಖ್ಯ ಗುಟ್ಟು ಹೊರಬೀಳುವುದು ಕೊನೆಗೆ. ಹಿಚ್‌ಕಾಕ್ ಅದನ್ನು ಮುಂಚೆಯೇ ಒಡೆದುಬಿಟ್ಟರು. ನಾಯಕಿ ಜೂಡಿ ಒಬ್ಬಳೇ ಕೂತು ಪತ್ರ ಬರೆಯುತ್ತಾಳೆ, ಹರಿದುಹಾಕುತ್ತಾಳೆ. ನಾಯಕ ಸ್ಕಾಟಿ ಸತ್ತಳೆಂದು ನಂಬಿದ ಪ್ರೇಯಸಿ ಇವಳೇ ಅಂತ ನಮಗೆ ತಿಳಿಯಿತು, ಅವನಿಗೆ ತಿಳಿದಿಲ್ಲ. ಅಲ್ಲಿಂದಾಚೆ ಅವನು ಅವಳ ಬಟ್ಟೆ ಬದಲಿಸಿದಾಗ, ಕೂದಲ ಬಣ್ಣ ಬದಲಿಸಿದಾಗ, ನಮಗೆ ಇಬ್ಬರ ಮೇಲೂ ಮರುಕ. ಗುಟ್ಟು ಇಟ್ಟುಕೊಂಡಿದ್ದರೆ ಒಂದು ಒಳ್ಳೆಯ ತಿರುವು ಮಾತ್ರ ಸಿಗುತ್ತಿತ್ತು. 'ಸಸ್ಪೆನ್ಸ್ ಒಡೆದರು' ಅಂತ ನಾವು ಮಾತಿಗೆ ಹೇಳುವುದು ಈ ಸಿನಿಮಾದಲ್ಲಿ ಎಷ್ಟು ತಪ್ಪಾಗುತ್ತದೆ ನೋಡಿ. ಅಲ್ಲಿ ಒಡೆದದ್ದು ಗುಟ್ಟು. ಸಸ್ಪೆನ್ಸ್ ಆಗ ತಾನೇ ಶುರು.

ಇನ್ನೊಂದು ಕಷ್ಟ ಇದೆ, ಇದನ್ನು ನಿಮ್ಮ ಮುಂದಿಡಲೇಬೇಕು. ತಳಮಳ ಸಾಮಾನ್ಯವಾಗಿ ನಮ್ಮವರಿಗಾಗಿ ಆಗುವುದು. ಹಿಚ್‌ಕಾಕ್ ಅದನ್ನು ಕಳ್ಳರಿಗಾಗಿಯೂ ಹುಟ್ಟಿಸುತ್ತಾರೆ. 'ಮಾರ್ನಿ'ಯಲ್ಲಿ (1964) ಆಫೀಸಿನ ತಿಜೋರಿಯಿಂದ ದುಡ್ಡು ಕದಿಯುವ ಹೆಣ್ಣು. ಒಂದು ಗೋಡೆಯ ಆಚೆ ನೆಲ ಒರೆಸುವವಳು ಹತ್ತಿರ ಹತ್ತಿರ ಬರುತ್ತಿದ್ದಾಳೆ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತಾರೆ. ಮಾರ್ನಿ ಸದ್ದಾಗದಿರಲಿ ಅಂತ ಚಪ್ಪಲಿ ಬಿಚ್ಚಿ ಕೋಟಿನ ಜೇಬಿಗೆ ತುರುಕಿಕೊಂಡು ಹೊರಡುತ್ತಾಳೆ. ಒಂದು ಚಪ್ಪಲಿ ಜೇಬಿನಿಂದ ಜಾರುತ್ತಾ, ಜಾರುತ್ತಾ, ಪಟ್ ಅಂತ ನೆಲಕ್ಕೆ ಬೀಳುತ್ತದೆ. ಒರೆಸುವವಳು ತಿರುಗುವುದಿಲ್ಲ, ಅವಳಿಗೆ ಕಿವಿ ಮಂದ. ನಾವು ಉಸಿರು ಬಿಡುತ್ತೇವೆ. 'ಸೈಕೋ'ದಲ್ಲಿ (1960) ಹೆಣ ಇಟ್ಟ ಕಾರು ಜೌಗಿನಲ್ಲಿ ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ 'ಮುಳುಗಲಿ' ಅಂತ ಬಯಸದವರನ್ನು ನಾನು ಕಂಡಿಲ್ಲ. ಇದಕ್ಕೂ ತಳಮಳ ಎಂಬ ಪದ ತಾಳುತ್ತದೆಯೇ? ತಾಳುತ್ತದೆ ಅಂತ ನಾನು. 'ಸಿಕ್ಕಿಬೀಳುತ್ತಾಳೇನೋ ಎಂದು ತಳಮಳ' ಎಂಬ ಮಾತಿನಲ್ಲಿ ಅಂಟು ಇದೆ, ಅವಳ ಪರ ವಾಲಿದ್ದೇವೆ ಎಂಬ ಸುಳಿವು ಇದೆ. ಹಿಚ್‌ಕಾಕ್‌ಗೆ ಬೇಕಾದದ್ದೂ ಅದೇ.

ಮೂಲ ಇಂಗ್ಲಿಷ್ ಪದದಲ್ಲಿ ತೂಗುಹಾಕು ಎಂಬ ಅರ್ಥ ಅಡಗಿದೆ. ಅದೇ ಧಾತುವಿನ 'ಸಸ್ಪೆಂಡ್' ನಮ್ಮ ಕಚೇರಿಗಳಲ್ಲಿ ಅಮಾನತು ಆಯಿತು. ಹಿಚ್‌ಕಾಕ್ ಸಿನಿಮಾಗಳಲ್ಲಂತೂ ಜನ ನಿಜವಾಗಿಯೇ ನೇತಾಡುತ್ತಾರೆ. 'ಸಾಬೊಟರ್'ನಲ್ಲಿ (1942) ಖಳನೊಬ್ಬ ಲಿಬರ್ಟಿ ಪ್ರತಿಮೆಯಿಂದ ನೇತಾಡುತ್ತಿರುವಾಗ ಅವನ ಕೋಟಿನ ತೋಳಿನ ಹೊಲಿಗೆ ಎಳೆ ಎಳೆಯಾಗಿ ಬಿಡುತ್ತದೆ. 'ನಾರ್ತ್ ಬೈ ನಾರ್ತ್‌ವೆಸ್ಟ್'ನಲ್ಲಿ (1959) ಮೌಂಟ್ ರಶ್ಮೋರ್‌ನ ಕಲ್ಲುಮುಖಗಳ ಅಂಚು. 'ವರ್ಟಿಗೋ' ಶುರುವಾಗುವುದೇ ಸ್ಕಾಟಿ ಸೂರಿನ ದೋಣಿಗೆ ಜೋತುಬಿದ್ದಿರುವುದರಿಂದ. ಅವನು ಅಲ್ಲಿಂದ ಹೇಗೆ ಇಳಿದ ಅಂತ ಸಿನಿಮಾ ತೋರಿಸುವುದೇ ಇಲ್ಲ. 'ತೂಗುಯ್ಯಾಲೆ' ನಮ್ಮ ಪತ್ರಿಕೆಗಳಲ್ಲಿ ಇದೆ, ಸರ್ಕಾರದ ಭವಿಷ್ಯ ತೂಗುಯ್ಯಾಲೆಯಲ್ಲಿ ಅಂತ. ಆದರೆ ಅದು ಆಚೆಯೋ ಈಚೆಯೋ ಎಂಬ ಅನುಮಾನಕ್ಕೆ ಮಾತ್ರ. ಭಯ ಅದರಲ್ಲಿಲ್ಲ. ಹಾಗಾಗಿ ಕೈಬಿಟ್ಟೆ.

ಈ ನಡುವೆ ಒಂದು ಪದ ಸಲೀಸಾಗಿ ಸಿಕ್ಕಿತು, ಅದನ್ನೂ ಹಂಚಿಕೊಳ್ಳುತ್ತೇನೆ. 'ಮೆಗಫಿನ್' ಅಂತ ಹಿಚ್‌ಕಾಕ್ ಕರೆಯುತ್ತಿದ್ದದ್ದು ಕಥೆಯಲ್ಲಿ ಎಲ್ಲರೂ ಹಿಂದೆ ಬೀಳುವ, ನೋಡುಗನಿಗೆ ಮಾತ್ರ ಅಷ್ಟೇನೂ ಮುಖ್ಯವಲ್ಲದ ವಸ್ತುವನ್ನು. 'ನಟೋರಿಯಸ್'ನಲ್ಲಿ (1946) ವೈನ್ ಬಾಟಲಿಯೊಳಗಿನ ಯುರೇನಿಯಂ ಅದಿರು. ಅದಕ್ಕೆ 'ನೆಪ' ಅಂದರೆ ಸಾಕು. ಯುರೇನಿಯಂ ನೆಪ. ನಾವು ನೋಡುವುದು ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯಲ್ಲಿರುವ ನೆಲಮಾಳಿಗೆಯ ಬೀಗದ ಕೈ, ಔತಣದಲ್ಲಿ ಒಂದೊಂದಾಗಿ ಖಾಲಿಯಾಗುತ್ತಿರುವ ಶಾಂಪೇನ್ ಬಾಟಲಿ. ಬಾಟಲಿ ಮುಗಿದರೆ ಗಂಡ ಬೀಗದ ಕೈ ಹುಡುಕುತ್ತಾನೆ.

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ: ಪ್ರಕಾರದ ಹೆಸರಾಗಿ 'ಸಸ್ಪೆನ್ಸ್ ಸಿನಿಮಾ' ಇರಲಿ, ನೋಡುಗನ ಅನುಭವಕ್ಕೆ 'ತಳಮಳ', ಪಾತ್ರದ್ದಕ್ಕೆ 'ಆತಂಕ'. 'ತಳಮಳದ ಸಿನಿಮಾ' ಅಂತ ಬರೆದರೆ ಸಂಸಾರದ ಕಥೆ ಅನಿಸಿಬಿಡುತ್ತದೆ, ಅದಕ್ಕೇ ಬೇಡ ಅಂದುಕೊಂಡೆ. 'ಬೇಗುದಿ' ಕೂಡ ಮನಸ್ಸಿನಲ್ಲಿದೆ. ಆದರೆ ಅದು ವರ್ಷಗಟ್ಟಲೆ ಒಳಗೇ ಬೇಯುವ ನೋವಿನ ಪದ ಅನಿಸುತ್ತದೆ. ಒಂದೂವರೆ ನಿಮಿಷದ ದೃಶ್ಯಕ್ಕೆ ಭಾರ ಜಾಸ್ತಿ.

ನಿಮ್ಮಲ್ಲಿ ಎರಡು ವಿಷಯ ಕೇಳಬೇಕು. ಒಂದು, ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದೆಯೇ? ಧಾರವಾಡ, ಕುಂದಾಪುರ, ಕೊಳ್ಳೇಗಾಲದ ಕಡೆಯವರು ದಯವಿಟ್ಟು ಹೇಳಿ. ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಎರಡನೆಯದು ಗಮಕ, ಹರಿಕಥೆ, ಯಕ್ಷಗಾನ ಬಲ್ಲವರಿಗೆ. ಅರಗಿನ ಮನೆಯ ಪ್ರಸಂಗದಲ್ಲಿ ಗೋಡೆಯೆಲ್ಲ ಅರಗು ಅಂತ ಸಭೆಗೆ ಮೊದಲೇ ಗೊತ್ತು. ಪುರೋಚನ ಬೆಂಕಿ ಇಡಲು ಹೊಂಚುತ್ತಿರುವುದೂ ಗೊತ್ತು. ಊಟಕ್ಕೆ ಬಂದ ಬೇಡರ ಹೆಂಗಸೊಬ್ಬಳು ಐವರು ಮಕ್ಕಳ ಜೊತೆ ಏನೂ ತಿಳಿಯದೆ ಆ ಮನೆಯಲ್ಲೇ ಮಲಗುತ್ತಾಳೆ. ಮೇಜಿನ ಕೆಳಗೆ ಬಾಂಬ್ ಇಟ್ಟ ದೃಶ್ಯ ನಮ್ಮಲ್ಲಿ ಇದ್ದೇ ಇತ್ತು ಅಂತಾಯಿತು. ಹೀಗೆ ಕೇಳುಗರಿಗೆ ತಿಳಿದಿದ್ದು ಪಾತ್ರಕ್ಕೆ ತಿಳಿಯದ ಘಟ್ಟವನ್ನು ಹಿಡಿದು ನಿಲ್ಲಿಸಿ ಬೆಳೆಸುವುದಕ್ಕೆ ಕಲಾವಿದರ ನಡುವೆ ಏನಾದರೂ ಹೆಸರಿದೆಯೇ? ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಮನೆಯಲ್ಲಿ, ಆಡುವ ಮಾತಾದರೂ ಸರಿ.