ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿ) ಇಂಜೆಕ್ಷನ್: ಫಾರ್ಮಸಿಸ್ಟ್‌ರನ್ನು ಕೇಳಿ

ವಾರ್ಡ್ ನರ್ಸ್: ಸರ್, 40 ಮಿಗ್ರಾಂ ವಯಲ್‌ಗೆ ಎಷ್ಟು ಸಲೈನ್? ಎಷ್ಟು ಹೊತ್ತಲ್ಲಿ ಕೊಡಬೇಕು?

ಫಾರ್ಮಸಿಸ್ಟ್: 10 ಮಿಲಿ ನಾರ್ಮಲ್ ಸಲೈನ್. ಕನಿಷ್ಠ 2 ನಿಮಿಷ. 100 ಮಿಲಿಗೆ ಬೆರೆಸಿದರೆ 15 ನಿಮಿಷ. ಮೊದಲೂ ಆಮೇಲೂ ಸಲೈನ್ ಫ್ಲಷ್, ಅಂದರೆ ಲೈನಿಗೆ ಸಲೈನ್ ಹರಿಸಿ ತೊಳೆಯಿರಿ.

ಮಕ್ಕಳ ವಾರ್ಡ್ ನರ್ಸ್: 6 ತಿಂಗಳ ಮಗುವಿಗೆ ಡೋಸ್ ಎಷ್ಟು ಸರ್?

ಐಸಿಯು ನರ್ಸ್: ವೆಂಟಿಲೇಟರ್ ರೋಗಿ, ಅಲ್ಸರ್ ರಕ್ತಸ್ರಾವ, ಎಂಡೋಸ್ಕೋಪಿ ಆಗಿದೆ. ಪ್ಯಾಂಟೊ ಗಂಟೆಗೆ 8 ಮಿಗ್ರಾಂ ಹೋಗ್ತಿದೆ. ಕೈಯ ಅದೇ ಕ್ಯಾನುಲಾಕ್ಕೆ ತ್ರೀ-ವೇಯಲ್ಲಿ (ಎರಡು ಲೈನ್ ಸೇರಿಸೋ ಕವಾಟ) ಮಿಡಜೋಲಂ (ನಿದ್ದೆ ಬರಿಸೋ ಔಷಧಿ) ಸೇರಿಸಿದ್ವಿ. ಟ್ಯೂಬ್ ಒಳಗೆ ಬೆಳ್ಳಗೆ ಕದಡಿದೆ, ಪಂಪ್ ಅಲಾರಂ ಹೊಡೀತಿದೆ. ಫ್ಲಷ್ ಮಾಡಿ ಮುಂದುವರಿಸಲಾ?

ಫಾರ್ಮಸಿಸ್ಟ್: ಬೇಡವೇ ಬೇಡ! ಫ್ಲಷ್ ಮಾಡಿದರೆ ಆ ಕಣಗಳೆಲ್ಲ ರಕ್ತಕ್ಕೆ ಹೋಗುತ್ತವೆ. ರೋಗಿಯ ಕಡೆ ಕ್ಲಾಂಪ್ ಹಾಕಿ, ಎರಡೂ ಪಂಪ್ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ. ಮಿಡಜೋಲಂ ಮೊದಲು ಹೊಸ ಸೆಟ್‌ನಲ್ಲಿ ಬೇರೆ ಲೈನಿಗೆ ಹೋಗಲಿ, ಗಂಟಲಲ್ಲಿ ಟ್ಯೂಬ್ ಇರುವವರು ಎಚ್ಚರಾಗಿ ಒದ್ದಾಡಬಾರದು. ತ್ರೀ-ವೇ, ಸೆಟ್ ಬಿಸಾಡಿ, ಕ್ಯಾನುಲಾ ತೆಗೆಯಿರಿ.

ಪ್ಯಾಂಟೊ ಕ್ಷಾರ, ಪಿಎಚ್ 9ರ ಮೇಲೆ. ಮಿಡಜೋಲಂ ಆಮ್ಲದಲ್ಲಷ್ಟೇ ಕರಗಿ ನಿಲ್ಲುತ್ತದೆ. ಸೇರಿಸಿದರೆ ಕದಡದೆ ಇನ್ನೇನಾಗುತ್ತದೆ?

ಹೊಸ ಬಾಟಲಿಗೆ 2 ವಯಲ್, ತಲಾ 10 ಮಿಲಿ ಸಲೈನ್. 100 ಮಿಲಿ ಬಾಟಲಿಯಿಂದ 20 ಮಿಲಿ ತೆಗೆದು ಆಮೇಲೆ ಇದನ್ನು ಹಾಕಿ. ತೆಗೆಯದಿದ್ದರೆ 120 ಆಗುತ್ತದೆ, ಡೋಸ್ ಕಡಿಮೆ ಹೋಗುತ್ತದೆ. ಈಗ ಮಿಲಿಗೆ 0.8 ಮಿಗ್ರಾಂ, ಪಂಪ್ ಗಂಟೆಗೆ 10 ಮಿಲಿ, ಒಟ್ಟು 72 ಗಂಟೆ. ಲೈನ್ ಸಾಲದಿದ್ದರೆ 12 ಗಂಟೆಗೊಮ್ಮೆ ಬೋಲಸ್ (ಡೋಸನ್ನು ಒಂದೇ ಸಲ ಕೊಡುವುದು) ಆಗುತ್ತದಾ ಎಂದು ಡಾಕ್ಟರನ್ನು ಕೇಳಿ.

ರೋಗಿಯ ಸಂಬಂಧಿ: ‘ಮೂಗಿಂದ ಹೊಟ್ಟೆಗೆ ಹಾಕೋ ರೈಲ್ಸ್ ಟ್ಯೂಬಲ್ಲಿ ತಣ್ಣನೆ ಹಾಲು ಬಿಟ್ಟರೆ ರಕ್ತ ನಿಲ್ಲುತ್ತೆ, ಇಂಜೆಕ್ಷನ್ ಬೇಡ’ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಫಾರ್ಮಸಿಸ್ಟ್: ಡಿಲೀಟ್ ಮಾಡಿ. ಹಾಲು ತುಂಬಿದ ಹೊಟ್ಟೆಯಲ್ಲಿ ಎಂಡೋಸ್ಕೋಪಿಗೆ ಗಾಯ ಕಾಣಲ್ಲ, ವಾಂತಿಯಾದರೆ ಶ್ವಾಸಕೋಶಕ್ಕಿಳಿಯುತ್ತೆ. ಇಂಥದ್ದನ್ನು ಈ ಗುಂಪಿಗೆ ತರಲೇಬೇಡಿ.

ಇನ್ನೊಬ್ಬರು: ಪ್ಯಾಂಟೊ ಸೊಂಟಕ್ಕೆ ಕೊಡಬಹುದಾ?

ಫಾರ್ಮಸಿಸ್ಟ್: ಇಲ್ಲ. ಐವಿ (ರಕ್ತನಾಳಕ್ಕೆ) ಮಾತ್ರ.

ವೈದ್ಯ ವಿದ್ಯಾರ್ಥಿ: ಊಟ ಮಾಡ್ತಿರೋ ರೋಗಿಗೂ ದಿನಾ ಬೆಳಗ್ಗೆ ಇಂಜೆಕ್ಷನ್ ಯಾಕೆ?

ಹಿರಿಯ ನರ್ಸ್: ಆರ್ಡರ್ ಬರೆಯೋರು ನಿಮ್ಮವರೇ. ಅವರನ್ನ ಕೇಳಿ.

ವೈದ್ಯ ವಿದ್ಯಾರ್ಥಿ: ಇಂಜೆಕ್ಷನ್‌ಗೆ ಪವರ್ ಜಾಸ್ತಿ ಅಂತ ರೋಗಿಗೆ ಹೇಳೋದ್ಯಾರು ಸಿಸ್ಟರ್?

ಹಿರಿಯ ನರ್ಸ್: ನಾಲಿಗೆ ಹಿಡಿದು ಮಾತಾಡಪ್ಪ. ರಾತ್ರಿಯೆಲ್ಲ ವಾರ್ಡ್ ನೋಡೋದು ನಾವು.

ಮಕ್ಕಳ ವಾರ್ಡ್ ನರ್ಸ್: ಸರ್, ಮಗುವಿನ ಡೋಸ್...

ಫಾರ್ಮಸಿಸ್ಟ್: ಜಗಳ ಸಾಕು. ನುಂಗಿ ಜೀರ್ಣಿಸಿಕೊಳ್ಳುವವರಿಗೆ 40ರ ಮಾತ್ರೆ ಇಂಜೆಕ್ಷನ್‌ನಷ್ಟೇ ಆಮ್ಲ ತಗ್ಗಿಸುತ್ತೆ. ಅಲ್ಸರ್ ಬಾರದಂತೆ ತಡೆಯಲು ಕೊಡುವುದು 48 ಗಂಟೆ ಮೀರಿ ವೆಂಟಿಲೇಟರ್‌ನಲ್ಲಿರುವವರು, ರಕ್ತ ಹೆಪ್ಪುಗಟ್ಟುವ ತೊಂದರೆಯವರು, ಇಂಥವರಿಗೆ. ಎಲ್ಲರಿಗೂ ಅಲ್ಲ. ಬರೆಯುವವರೂ ಕೊಡುವವರೂ ಇಬ್ಬರೂ ಓದಿಕೊಳ್ಳಿ.

ಡಯಾಲಿಸಿಸ್ ಟೆಕ್ನೀಶಿಯನ್: ಕಿಡ್ನಿ ಕೆಟ್ಟ ಅಜ್ಜನಿಗೆ ಫ್ಯಾಮೊಟಿಡಿನ್ (ಇದೂ ಆಮ್ಲ ತಗ್ಗಿಸೋ ಔಷಧಿ) 20 ಮಿಗ್ರಾಂ 12 ಗಂಟೆಗೊಮ್ಮೆ. ಏನೇನೋ ಬಡಬಡಿಸ್ತಿದ್ದಾರೆ.

ಫಾರ್ಮಸಿಸ್ಟ್: ಕಿಡ್ನಿಯಿಂದಲೇ ಹೊರಹೋಗುವ ಔಷಧಿ ಅದು, ಮೈಯಲ್ಲೇ ಉಳಿದು ತಲೆಗೇರಿರಬಹುದು. ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಹೇಳಿ.

ಹೊಸ ಸದಸ್ಯ: ಪ್ಯಾಂಟೊ ವಯಲ್‌ಗೆ ಎಷ್ಟು ಮಿಲಿ ಸರ್?

ಫಾರ್ಮಸಿಸ್ಟ್: ಮೇಲಿದೆ. ಓದಿ.

ಐಸಿಯು ನರ್ಸ್: ಹೊಸ ಲೈನ್ ಹಾಕಿದ್ವಿ. ಹಳೇ ಬಾಟಲಿಯಲ್ಲಿ ಅರ್ಧ ಇದೆ, ಅದನ್ನೇ ಹಾಕಲಾ?

ಫಾರ್ಮಸಿಸ್ಟ್: ಬೇಡ, ಚೆಲ್ಲಿ. ಹೊಸದು ಕಲಸಿ, ಲೇಬಲ್ ಮೇಲೆ ಕಲಸಿದ ಸಮಯ ಬರೆಯಿರಿ.