ಅಜ್ಜಿಯ ಕೆಂಪಿನ ಬೆಂಡೋಲೆ, ಬಿಲ್ಲಿನಲ್ಲಿ ಬರೆದ ಪದಗಳು

ಪ್ರಶ್ನೆ (ಬದಿಯಡ್ಕದ ಸದಸ್ಯೆ):
ಆಚಾರ್ಯಣ್ಣ, ನಮಸ್ಕಾರ. ಮಗಳ ಮದುವೆಗೆ ಒಂದು ಜೊತೆ ಕಲ್ಲಿನ ಓಲೆ ತೆಗೆದುಕೊಂಡೆವು. ತೂಕ 8.200 ಗ್ರಾಂ. ಒಂದು ಪವನಿಗಿಂತ ಜಾಸ್ತಿಯೇ ಉಂಟಲ್ಲ ಎಂದು ಖುಷಿಯಾಗಿದ್ದೆ. ಮನೆಗೆ ಬಂದು ಬಿಲ್ ಓದಿದರೆ ತಲೆ ಕೆಟ್ಟಿತು. ಒಂದು ಕಡೆ ‘22 ಕ್ಯಾರೆಟ್’, ಇನ್ನೊಂದು ಕಡೆ ‘ಸ್ಟೋನ್ 6 ಕ್ಯಾರೆಟ್’. ಅದರ ಕೆಳಗೆ ‘ನ್ಯಾಚುರಲ್ ರೂಬಿ, ಟ್ರೀಟೆಡ್’. ಇದಕ್ಕೆಲ್ಲ ಎಂತ ಅರ್ಥ? ಅಜ್ಜಿಯ ಹಳೆಯ ಕೆಂಪಿನ ಬೆಂಡೋಲೆಯೂ ನನ್ನ ಹತ್ತಿರ ಉಂಟು. ಅದರ ಕಲ್ಲು ಅಸಲಿಯೇ ಇರಬೇಕು ಅಲ್ವಾ, ಅಷ್ಟು ಹಳೆಯದ್ದು?

ಉತ್ತರ (ಕುಂಬಳೆಯಲ್ಲಿ ಚಿನ್ನದ ಕೆಲಸ ಮಾಡುವವನು):
ಅಕ್ಕಾ, ಎರಡೂ ಕ್ಯಾರೆಟ್ ಒಂದೇ ಅಲ್ಲ. ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ. 24 ಪಾಲಿನಲ್ಲಿ 22 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅದನ್ನೇ 916 ಎಂದು ಬರೆಯುವುದು. ಕಲ್ಲಿನ ಕ್ಯಾರೆಟ್ ಬರೀ ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್.

ಈಗ ನಿಮ್ಮ ಓಲೆಯ ಲೆಕ್ಕ ಹಾಕಿ. 6 ಕ್ಯಾರೆಟ್ ಕಲ್ಲು ಎಂದರೆ 1.200 ಗ್ರಾಂ. 8.200ರಲ್ಲಿ ಅದನ್ನು ಕಳೆದರೆ ಚಿನ್ನ 7.000 ಗ್ರಾಂ. ನಮ್ಮ ಕಡೆ ಪವನು ಎಂದರೆ 8 ಗ್ರಾಂ, ಹಾಗಾಗಿ ಇದು ಪವನಿಗೆ ಒಂದು ಗ್ರಾಂ ಕಮ್ಮಿ. ಬಿಲ್ಲಿನಲ್ಲಿ ‘ನೆಟ್ ವೇಟ್’, ಅಂದರೆ ಕಲ್ಲು ಕಳೆದ ತೂಕ, 7.000 ಇದ್ದರೆ ಸರಿ. 8.200ಕ್ಕೂ ಚಿನ್ನದ ರೇಟು ಹಾಕಿದ್ದರೆ ಕಲ್ಲಿಗೆ ಚಿನ್ನದ ದುಡ್ಡು ಕೊಟ್ಟಂತಾಯಿತು. ನಾಳೆಯೇ ಹೋಗಿ ಕೇಳಿ.

ಇನ್ನು ‘ಟ್ರೀಟೆಡ್’. ಜನ ಮೋಸ ಹೋಗುವುದು ಈ ಒಂದು ಪದದಲ್ಲಿ. ‘ನ್ಯಾಚುರಲ್’ ಎಂದರೆ ಕಲ್ಲು ನೆಲದಿಂದ ಬಂದದ್ದು, ಅಷ್ಟೇ. ಆಮೇಲೆ ಅದಕ್ಕೆ ಎಂತ ಮಾಡಿದ್ದಾರೆ ಎಂಬುದು ಬೇರೆ ಮಾತು. ಬಣ್ಣ ಚೆನ್ನಾಗಿ ಬರಲಿ ಎಂದು ಕಾಯಿಸಿದ್ದರೂ ಟ್ರೀಟೆಡ್. ಅದು ತಪ್ಪಲ್ಲ, ಪೇಟೆಯ ಹೆಚ್ಚಿನ ಮಾಣಿಕ್ಯ, ಅಂದರೆ ರೂಬಿ, ಹಾಗೆ ಕಾಯಿಸಿದ್ದೇ. ಆದರೆ ಬಿರುಕು ಬಿಟ್ಟ ಕಡಿಮೆ ದರ್ಜೆಯ ಕಲ್ಲಿಗೆ ಸೀಸದ ಗಾಜು ತುಂಬಿಸಿದರೂ ಅದೇ ಪದ. ಅದು ಗ್ಲಾಸ್ ಫಿಲ್ಡ್. ಇವೆರಡರ ಬೆಲೆಗೆ ಅಜಗಜಾಂತರ. ‘ಹೀಟೆಡ್ ಮಾತ್ರವೋ, ಗ್ಲಾಸ್ ಫಿಲ್ಡೋ’ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲಿಕ್ಕೆ ಹಿಂದೆಮುಂದೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನನ್ನ ಕೈಯಲ್ಲೇ ಆದದ್ದು ಹೇಳುತ್ತೇನೆ. ಒಬ್ಬರು ಉಂಗುರ ರಿಪೇರಿಗೆ ತಂದರು. ಮಾಣಿಕ್ಯ ತಾನೇ, ಬಿಸಿ ತಡೆಯುತ್ತದೆ ಎಂದು ಕಲ್ಲು ಬಿಚ್ಚದೆ ಬೆಸುಗೆಗೆ ಜ್ವಾಲೆ ಹಿಡಿದೆ. ಎರಡು ನಿಮಿಷದಲ್ಲಿ ಕಲ್ಲಿನ ಮೈಮೇಲೆ ಸಣ್ಣ ಗುಳ್ಳೆ ಎದ್ದಿತು, ಒಳಗೆ ಜೇಡರ ಬಲೆಯ ಹಾಗೆ ಗೀರು ಕಾಣಿಸಿತು. ಒಳಗಿನ ಗಾಜು ಕರಗಿತ್ತು. ಕಲ್ಲಿನ ದುಡ್ಡು ನಾನೇ ಕೊಟ್ಟೆ ಮಾರಾಯ್ರೆ. ಅಂದಿನಿಂದ ಭೂತಗನ್ನಡಿ ಹಿಡಿದು ನೋಡದೆ ಯಾವ ಕೆಂಪು ಕಲ್ಲಿಗೂ ಬೆಂಕಿ ತೋರಿಸಿಲ್ಲ.

ಮನೆಯಲ್ಲೂ ಜಾಗ್ರತೆ ಬೇಕು. ನಿಂಬೆಹುಳಿ, ಹುಣಸೆಹುಳಿ ಹಾಕಿ ಓಲೆ ತಿಕ್ಕಬೇಡಿ. ಹುಳಿಗೆ ಆ ಗಾಜು ಸವೆಯುತ್ತದೆ. ಮುತ್ತು, ಹವಳಕ್ಕಂತೂ ಹುಳಿ ತಾಗಿಸಲೇಬಾರದು. ಅವು ಚಿಪ್ಪಿನ ಹಾಗೆ ಸುಣ್ಣದ ಅಂಶದವು, ಮೇಲಿನ ಹೊಳಪೇ ಹೋಗುತ್ತದೆ.

ಅಜ್ಜಿಯ ಓಲೆಯ ಬಗ್ಗೆ: ಹಳೆಯದ್ದು ಎಂದ ಮಾತ್ರಕ್ಕೆ ಗಣಿಯ ಕಲ್ಲು ಎಂದು ಹೇಳಲಿಕ್ಕಾಗುವುದಿಲ್ಲ. ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವರ್ನ್ಯೂಯಿ 1902ರಲ್ಲೇ ಜಗತ್ತಿಗೆ ತಿಳಿಸಿದ್ದರು. ನಿಮ್ಮ ಅಜ್ಜಿಯ ಮದುವೆ ಅದರ ನಂತರವೇ ಆಗಿರಬೇಕು ಅಲ್ವಾ? ಅಂಥ ಕಲ್ಲು ‘ಸಿಂಥೆಟಿಕ್’. ಗಾಜಿನ ನಕಲಿ ಅಲ್ಲ, ಮಾಣಿಕ್ಯದ್ದೇ ವಸ್ತು, ಆದರೆ ಮನುಷ್ಯ ಬೆಳೆಸಿದ್ದು. ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದರೆ ಬಾಗಿದ ಗೆರೆಗಳೋ ಸಣ್ಣ ಗಾಳಿಗುಳ್ಳೆಗಳೋ ಕಾಣಬಹುದು. ಒಮ್ಮೆ ತನ್ನಿ, ನೋಡುವ.

ಪ್ರಶ್ನೆ (ಮಂಜೇಶ್ವರದ ಸದಸ್ಯರು):
ಜೋಯಿಸರು 5 ರತ್ತಿ ಪುಷ್ಯರಾಗ ಹಾಕಲು ಹೇಳಿದ್ದಾರೆ. ಅಂಗಡಿಯಲ್ಲಿ ‘ಗೋಲ್ಡನ್ ಟೋಪಾಜ್’ ತೋರಿಸಿದರು, ತುಂಬಾ ಅಗ್ಗ. ಎರಡೂ ಒಂದೇ ಎಂದರು.

ಉತ್ತರ:
ಒಂದೇ ಅಲ್ಲ. ಈಗಿನ ಪೇಟೆಯಲ್ಲಿ ಪುಷ್ಯರಾಗ ಎಂದರೆ ಹಳದಿ ನೀಲಮಣಿ, ಇಂಗ್ಲಿಷಿನವರ ಯೆಲ್ಲೋ ಸಫೈರ್. ಮಾಣಿಕ್ಯವೂ ಅದೇ ಜಾತಿಯ ಕಲ್ಲು, ಕೆಂಪಾದರೆ ಮಾಣಿಕ್ಯ. ಗಟ್ಟಿತನದ ಅಳತೆಯಲ್ಲಿ ವಜ್ರ 10, ಇವು 9. ಟೋಪಾಜ್ ಬೇರೆ ಜಾತಿ, 8. ‘ಗೋಲ್ಡನ್ ಟೋಪಾಜ್’ ಎಂದು ಮಾರುವುದು ಹೆಚ್ಚಾಗಿ ಟೋಪಾಜ್ ಕೂಡ ಅಲ್ಲ, ಸಿಟ್ರಿನ್ ಎಂಬ ಹಳದಿ ಸ್ಫಟಿಕ, 7.

ರತ್ತಿಯಲ್ಲೂ ಗೊಂದಲ ಉಂಟು. ಗುಲಗಂಜಿ ಲೆಕ್ಕದ ಹಳೆಯ ರತ್ತಿ ಸುಮಾರು 121 ಮಿಲಿಗ್ರಾಂ. ಕಲ್ಲಿನ ವ್ಯಾಪಾರದ ‘ಪಕ್ಕಾ ರತ್ತಿ’ ಸುಮಾರು 182. ಐದು ರತ್ತಿಯಲ್ಲಿ ಒಂದೂವರೆ ಕ್ಯಾರೆಟ್ ವ್ಯತ್ಯಾಸ ಬರುತ್ತದೆ. ಯಾವ ರತ್ತಿ ಎಂದು ಜೋಯಿಸರನ್ನೇ ಕೇಳಿ. ಹಾಕಬೇಕೋ ಬೇಡವೋ ಅದು ನಿಮ್ಮಿಬ್ಬರಿಗೆ ಬಿಟ್ಟದ್ದು, ನಾನು ಕಲ್ಲಿನವನು.

ಪ್ರಶ್ನೆ (ಬದಿಯಡ್ಕದ ಇನ್ನೊಬ್ಬರು):
ಹಳೆಯ ಸರದಲ್ಲಿ ‘ಕೆಡಿಎಂ’ ಎಂದುಂಟು. ಹಾಲ್‌ಮಾರ್ಕ್ ಅದೇ ಅಲ್ವಾ?

ಉತ್ತರ:
ಅಲ್ಲ ಅಣ್ಣ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಹಾಕಿ ಬೆಸೆದದ್ದು. ಅದರ ಹೊಗೆ ಕೆಲಸ ಮಾಡುವವರ ಶ್ವಾಸಕ್ಕೆ ಕೆಟ್ಟದ್ದು. ಆ ಮುದ್ರೆ ಶುದ್ಧತೆಗೆ ಖಾತ್ರಿ ಕೊಡುವುದಿಲ್ಲ. ಈಗಿನ ಹಾಲ್‌ಮಾರ್ಕಿನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22ಕೆ916ರಂಥ ಶುದ್ಧತೆ, ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ, ಅಂದರೆ ಒಂದೊಂದು ಆಭರಣಕ್ಕೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ. ಅಂಗಡಿಯವರು ಹೊಸ ಆಭರಣ ಮಾರುವಾಗ ಎಚ್‌ಯುಐಡಿ ಕಡ್ಡಾಯವಾದದ್ದು 2023ರ ಏಪ್ರಿಲ್ 1ರಿಂದ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದರೆ ವಿವರ ಬರುತ್ತದೆ. ನಿಮ್ಮ ಸರ ಮಾರುವುದಾದರೆ ಮೊದಲು ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಬದಿಯಡ್ಕದ ಸದಸ್ಯೆ:
ಬಿಲ್ ನೋಡಿದೆ ಅಣ್ಣ, ನೆಟ್ 7.000 ಎಂದೇ ಉಂಟು. ಸಮಾಧಾನ ಆಯಿತು. ಫೋನ್ ಮಾಡಿ ಕೇಳಿದ್ದಕ್ಕೆ ‘ಗ್ಲಾಸ್ ಫಿಲ್ಡ್’ ಎಂದು ಒಪ್ಪಿದರು. ಕಲ್ಲಿನ ರೇಟು ಮಾತಾಡಲು ನಾಳೆ ಹೋಗುತ್ತೇವೆ. ಅಜ್ಜಿಯ ಬೆಂಡೋಲೆ ಅಂಟುವಾಳದ ನೀರಿನಲ್ಲಿ ತೊಳೆದು ತರಲಾ?

ಉತ್ತರ:
ಬೇಡ ಅಕ್ಕಾ, ಹಾಗೆಯೇ ತನ್ನಿ. ಹಳೆಯ ಓಲೆಯಲ್ಲಿ ಹಿಂಬದಿ ಮುಚ್ಚಿ, ಕಲ್ಲಿನ ಅಡಿಗೆ ಹೊಳೆಯುವ ತಗಡು ಇಟ್ಟಿರುತ್ತಾರೆ. ನೀರು ಒಳಗೆ ಹೋದರೆ ತಗಡು ಕಪ್ಪಾಗಿ ಕಲ್ಲೇ ಸತ್ತ ಹಾಗೆ ಕಾಣುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿ. ಬೆಳಿಗ್ಗೆ ಹನ್ನೊಂದರ ಒಳಗೆ ಬನ್ನಿ, ಮಧ್ಯಾಹ್ನದ ನಂತರ ನನ್ನ ಮೇಜಿಗೆ ಬೆಳಕು ಬರುವುದಿಲ್ಲ.