ಮನೆಯಲ್ಲಿ ಕಿಟ್ ವಿಮಾನ: ರಡ್ಡರಿನ ರಿವೆಟ್ ತಲೆ ಕೂರುತ್ತಿಲ್ಲ, ಹಿಂಬದಿ ಅಂಚು ತಿರುಚಿದೆ

ನವನಗರ_ಶೆಡ್ (ಹುಬ್ಬಳ್ಳಿ):
ಎಲ್ಲರಿಗೂ ನಮಸ್ಕಾರ. ನವನಗರದ ನಮ್ಮ ಮನೆಯ ಹಿತ್ತಲಿನಲ್ಲಿರುವ ತಗಡಿನ ಶೆಡ್ಡಿನಲ್ಲಿ ಎರಡು ಆಸನಗಳ ಝೆನಿತ್ ಸಿಎಚ್ 750 ವಿಮಾನವನ್ನು ಕಟ್ಟಬೇಕೆಂದಿದ್ದೇನೆ. ಪೂರ್ತಿ ಕಿಟ್ಟಿಗೆ ಹಣ ಹಾಕುವ ಮೊದಲು ಕೈ ಪಳಗಲಿ ಎಂದು ರಡ್ಡರಿನ, ಅಂದರೆ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕದ, ಕಿಟ್ಟನ್ನು ಮಾತ್ರ ತರಿಸಿಕೊಂಡೆ. ಸ್ಪಾರ್ (ಉದ್ದದ ಮುಖ್ಯ ತೊಲೆ) ಮತ್ತು ರಿಬ್‌ಗಳ (ಅಡ್ಡ ಪಟ್ಟಿಗಳು) ಚೌಕಟ್ಟು ಸರಿಯಾಗಿಯೇ ಕೂಡಿತು. ಆದರೆ ಹೊದಿಕೆಯ ತಗಡನ್ನು ಒಂದು ಬದಿಗೆ ಪೂರ್ತಿ ರಿವೆಟ್ ಮಾಡಿ, ಇನ್ನೊಂದು ಬದಿಯಲ್ಲಿ ಅರ್ಧದಷ್ಟು ಮುಗಿಸುವ ಹೊತ್ತಿಗೆ ತೊಂದರೆಗಳು ಕಾಣಿಸಿಕೊಂಡವು. ಅನೇಕ ರಿವೆಟ್ಟುಗಳ ತಲೆ ತಗಡಿಗೆ ಅಂಟಿ ಕೂತಿಲ್ಲ. ಕೆಲವದರ ಕೆಳಗೆ ಉಗುರು ಹೋಗುತ್ತದೆ. ಎರಡು ರಿಬ್‌ಗಳ ನಡುವಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಎಣ್ಣೆಯ ಡಬ್ಬಿಯಂತೆ ಟಕ್ ಎಂದು ಒಳಗೆ ಹೋಗಿ ಮತ್ತೆ ಹೊರಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ರಡ್ಡರನ್ನು ಮೇಜಿನ ಮೇಲೆ ಮಲಗಿಸಿದಾಗ ಹಿಂಬದಿ ಅಂಚಿನ ಒಂದು ತುದಿ ಮೇಜಿಗೆ ತಾಗಿದರೆ ಇನ್ನೊಂದು ಸುಮಾರು ನಾಲ್ಕು ಮಿಲಿಮೀಟರ್ ಮೇಲೆ ನಿಲ್ಲುತ್ತದೆ.

ರಿವೆಟ್ಟುಗಳು ಕಿಟ್ಟಿನೊಂದಿಗೆ ಬಂದವು. ರಿವೆಟ್ ಗನ್ ಮಾತ್ರ ಇಲ್ಲಿಯ ಹಾರ್ಡ್‌ವೇರ್ ಅಂಗಡಿಯದು, ಅಲ್ಯುಮಿನಿಯಂ ಕಿಟಕಿ ಕೂಡಿಸುವವರು ಬಳಸುವಂಥದ್ದು. ರಂಧ್ರಗಳಿಗೆ 3.2 ಮಿ.ಮೀ. ಡ್ರಿಲ್ ಬಿಟ್ ಬಳಸಿದೆ; ಅದು ಮುರಿದ ಮೇಲೆ ಕೊನೆಯ ಸಾಲಿಗೆ 3.5ರದ್ದನ್ನು ಹಾಕಿದೆ. ಎರಡೂ ತುದಿಗಳಿಂದ ಆರಂಭಿಸಿ ಮಧ್ಯದ ಕಡೆಗೆ ರಿವೆಟ್ ಹೊಡೆಯುತ್ತ ಬಂದೆ. ಇದನ್ನು ಸರಿಪಡಿಸಬಹುದೇ, ಅಥವಾ ಹೊಸ ತಗಡು ತರಿಸಬೇಕೇ?

ಗೋಕುಲ_ಫಿಟ್ಟರ್ (ಹುಬ್ಬಳ್ಳಿ):
ಸರ್, ತಗಡು ತರಿಸುವ ಮಾತು ಆಮೇಲೆ ಇರಲಿ. ಮೊದಲು ಗನ್ನಿನ ಮೂತಿಯನ್ನು ನೋಡಿ. ಅದು ಸಪಾಟಾಗಿದ್ದರೆ ನಿಮ್ಮ ಮೊದಲನೆಯ ತೊಂದರೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಝೆನಿತ್ ವಿಮಾನಗಳಿಗೆ ಬರುವ ರಿವೆಟ್ಟಿನ ತಲೆ ಕೆಳಗೆ ಓರೆಯಾಗಿ ಇಳಿದಿರುತ್ತದೆ, ಸಪಾಟು ತಗಡಿನ ಮೇಲೆ ಹಾಗೆಯೇ ಕೂರುವ ಆಕಾರದ್ದಲ್ಲ. ಗನ್ನಿನ ಮೂತಿಯಲ್ಲಿ ಬಟ್ಟಲಿನಂಥ ಸಣ್ಣ ತಗ್ಗು ಇರಬೇಕು. ಗನ್ ರಿವೆಟ್ಟಿನ ನಡುವಿನ ಕಡ್ಡಿಯನ್ನು ಎಳೆಯುವಾಗ ಆ ತಗ್ಗೇ ತಲೆಯನ್ನು ಒತ್ತಿ ಗುಮ್ಮಟದ ಆಕಾರಕ್ಕೆ ತಂದು, ಅದರ ಅಂಚನ್ನು ತಗಡಿಗೆ ಕೂರಿಸುತ್ತದೆ. ಸಪಾಟು ಮೂತಿಯಿಂದ ಎಳೆದರೆ ತಲೆ ರಂಧ್ರದ ಬಾಯಿಯ ಮೇಲಷ್ಟೇ ನಿಲ್ಲುತ್ತದೆ. ಅದಕ್ಕೇ ಉಗುರು ಹೋಗುತ್ತಿದೆ. ಈ ಮೂತಿಗಳು ಕಿಟ್ ತಯಾರಕರಲ್ಲಿ ಸಿಗುತ್ತವೆ. ತಗ್ಗಿನ ಅಳತೆಯನ್ನು ಅವರಿಂದ ತರಿಸಿಕೊಂಡರೆ ನಮ್ಮ ಗೋಕುಲ ರಸ್ತೆಯ ಅಥವಾ ತಾರಿಹಾಳದ ಯಾವ ಒಳ್ಳೆಯ ಲೇತ್ ಕೆಲಸಗಾರನಾದರೂ ಮಾಡಿಕೊಟ್ಟಾನು. ಕಣ್ಣಳತೆಯಿಂದ ಮಾತ್ರ ಮಾಡಿಸಬೇಡಿ.

ಓರೆಯಾಗಿ ನಿಂತಿರುವ ತಲೆಗಳ ಕಾರಣ ಬೇರೆ ಇರಬಹುದು. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಕೊರೆದಾಗ ನಡುವೆ ಲೋಹದ ಚೂರು ಸಿಕ್ಕಿಕೊಳ್ಳುತ್ತದೆ, ರಂಧ್ರದ ಅಂಚಿನಲ್ಲಿ ಬರ್ (ಚೂಪಾದ ಲೋಹದ ಸಿಬಿರು) ಏಳುತ್ತದೆ. ಎಷ್ಟೇ ಬಲವಾಗಿ ರಿವೆಟ್ ಎಳೆದರೂ ಆ ಚೂರು ತಗಡುಗಳನ್ನು ದೂರವೇ ಹಿಡಿದಿರುತ್ತದೆ. ಆದ್ದರಿಂದ ಕೊರೆದ ಮೇಲೆ ಕ್ಲೀಕೋಗಳನ್ನೆಲ್ಲ (ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡಲು ರಂಧ್ರಕ್ಕೆ ಹಾಕುವ ಪಿನ್ನುಗಳು) ತೆಗೆದು, ತಗಡನ್ನು ಪೂರ್ತಿ ಬಿಚ್ಚಿ, ಒರೆಸಿ, ಪ್ರತಿ ರಂಧ್ರದ ಎರಡೂ ಬದಿಯ ಬರ್ ತೆಗೆದು ಮತ್ತೆ ಕೂಡಿಸಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ. ಬರ್ ತೆಗೆಯಲು ಕೌಂಟರ್‌ಸಿಂಕ್ ಬಿಟ್ಟನ್ನು (ರಂಧ್ರದ ಬಾಯಿಯನ್ನು ಓರೆಯಾಗಿ ಕೆರೆಯುವ ಬಿಟ್) ಬೆರಳಲ್ಲಿ ಹಿಡಿದು ಹಗುರಾಗಿ ಒಂದು ಸುತ್ತು ತಿರುಗಿಸಿದರೆ ಸಾಕು. ಯಂತ್ರಕ್ಕೆ ಹಾಕಿ ಒತ್ತಿದರೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಆ ತಗಡಿನಲ್ಲಿ ರಂಧ್ರವೇ ಹಿಗ್ಗಿಹೋಗುತ್ತದೆ. ಇನ್ನೊಂದು ಮಾತು: ಗುರುತು ಹಾಕಲು ಪೆನ್ಸಿಲ್ ಬಳಸಬೇಡಿ. ಅದರ ಸೀಸದಲ್ಲಿರುವ ಗ್ರಾಫೈಟ್ ಅಲ್ಯುಮಿನಿಯಮ್ಮನ್ನು ಕ್ರಮೇಣ ತಿನ್ನುತ್ತದೆ. ತೆಳು ಮೊನೆಯ ಮಾರ್ಕರ್ ಸಾಕು.

ಹಳೆಯ_ಮೈಕ್ರೊಲೈಟ್ (ಧಾರವಾಡ):
ಫಿಟ್ಟರ್ ಅವರು ಹೇಳಿದ್ದು ಸರಿಯಾಗಿದೆ. ಆದರೆ ನನ್ನ ದೃಷ್ಟಿಯಲ್ಲಿ ಇಲ್ಲಿ ನಿಜವಾಗಿ ಚಿಂತಿಸಬೇಕಾದದ್ದು ತಿರುಚು. ಕೂರದ ರಿವೆಟ್ಟನ್ನು ಒಂದೊಂದಾಗಿ ಬದಲಿಸಬಹುದು. ತಿರುಚಿದ ರಡ್ಡರನ್ನು ಮುಚ್ಚಿದ ಮೇಲೆ ಯಾವ ಕ್ಲಾಂಪೂ ನೇರ ಮಾಡಲಾರದು. ಹೊದಿಕೆ ಇಲ್ಲದ ಚೌಕಟ್ಟನ್ನು ಎರಡು ತುದಿಗಳಲ್ಲಿ ಹಿಡಿದರೆ ಕೈಯಿಂದಲೇ ತಿರುಚಬಹುದು. ಎರಡೂ ಬದಿಯ ತಗಡು ಕೂತ ಕೂಡಲೇ ಅದು ಮುಚ್ಚಿದ ಪೆಟ್ಟಿಗೆಯಾಗುತ್ತದೆ, ಆ ಕ್ಷಣದಲ್ಲಿ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಬಿಗಿದುಕೊಳ್ಳುತ್ತದೆ. ನಿಮ್ಮ ಎರಡನೆಯ ಬದಿ ಇನ್ನೂ ಅರ್ಧ ತೆರೆದಿರುವುದು ಒಳ್ಳೆಯದಾಯಿತು. ಆ ಬದಿಯ ರಿವೆಟ್ಟುಗಳನ್ನೆಲ್ಲ ತೆಗೆಯಿರಿ.

ತೆಗೆಯುವ ಕ್ರಮ ಹೀಗೆ: ಮೊದಲು ಸಣ್ಣ ಪಂಚಿನಿಂದ ನಡುವಿನ ಕಡ್ಡಿಯ ತುಂಡನ್ನು ಒಳಕ್ಕೆ ತಳ್ಳಿ, ನಂತರ ರಂಧ್ರದಷ್ಟೇ ಅಳತೆಯ ಬಿಟ್ಟಿನಿಂದ ತಲೆಯನ್ನು ಮಾತ್ರ ಕೊರೆದು ಎಬ್ಬಿಸಿ, ಉಳಿದ ಕೊಳವೆಯನ್ನು ಮೆಲ್ಲಗೆ ತಳ್ಳಿ. ತಲೆ ಬಿಟ್ಟಿನ ಜೊತೆ ಸುತ್ತತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಇಲ್ಲವಾದರೆ ರಂಧ್ರ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಒಳಗೆ ಬಿದ್ದ ತುಂಡುಗಳನ್ನೆಲ್ಲ ಹೊರತೆಗೆಯಿರಿ.

ಮತ್ತೆ ಕೂಡಿಸುವ ಮೊದಲು ನಿಮ್ಮ ಮೇಜನ್ನೇ ಪರೀಕ್ಷಿಸಿ. ಕಿಟಕಿಗೆ ಬಳಸುವ ನೇರವಾದ ಅಲ್ಯುಮಿನಿಯಂ ಪಟ್ಟಿಗಳೆರಡನ್ನು ಮೇಜಿನ ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಒಂದರ ಹಿಂದೆ ಇನ್ನೊಂದನ್ನು ನೋಡಿ. ಪಟ್ಟಿಗಳ ಅಂಚುಗಳು ಸಮಾನಾಂತರವಾಗಿ ಕಾಣದಿದ್ದರೆ ತಿರುಚು ಮೇಜಿನದೇ. ಬಡಗಿಗಳು ಹಲಗೆಯನ್ನು ನೋಡುವ ವಿಧಾನ ಇದೇ. ಮೇಜು ಸರಿಯಾದ ಮೇಲೆ ಚೌಕಟ್ಟಿನ ಮೇಲೂ ಹೀಗೆಯೇ ನೋಡಿ, ಉಸುಕಿನ ಚೀಲಗಳನ್ನು ಹೇರಿ, ಒಂದು ಬಿಟ್ಟು ಒಂದು ರಂಧ್ರಕ್ಕೆ ಕ್ಲೀಕೋ ಹಾಕಿ. ರಿವೆಟ್ಟನ್ನು ಮಧ್ಯದಿಂದ ತುದಿಗಳ ಕಡೆಗೆ, ಅಲ್ಲೊಂದು ಇಲ್ಲೊಂದರಂತೆ ಎಳೆಯುತ್ತ ಹೋಗಿ. ತುದಿಗಳಿಂದ ಮಧ್ಯಕ್ಕೆ ಬಂದರೆ ತಗಡಿನ ಸಡಿಲಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಅದು ನಡುವೆ ಉಳಿದುಬಿಡುತ್ತದೆ. ನಿಮ್ಮ ಟಕ್ ಶಬ್ದದ ಮೂಲ ಅದೇ ಎಂದು ನನ್ನ ಅನುಮಾನ.

ಬಿಸಿಲಿನ ಮಾತನ್ನೂ ಹೇಳಬೇಕು. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ತಗಡು 15 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಮಿಲಿಮೀಟರಿನ ಮೂರನೇ ಒಂದರಷ್ಟು ಹಿಗ್ಗುತ್ತದೆ. ಬಾಗಿಲಿನಿಂದ ಬಂದ ಬಿಸಿಲು ಒಂದು ಬದಿಯ ಹೊದಿಕೆಗೆ ಬಿದ್ದು, ಒಳಗಿನ ಸ್ಪಾರ್ ನೆರಳಿನಲ್ಲಿದ್ದರೆ ರಂಧ್ರಗಳು ತಾಳೆಯಾಗುವುದಿಲ್ಲ. ನಮ್ಮ ಊರುಗಳ ಏಪ್ರಿಲ್ ಬಿಸಿಲಿನಲ್ಲಿ, ಅದೂ ತಗಡಿನ ಮಾಡಿನ ಕೆಳಗೆ, ಈ ಕೆಲಸವನ್ನು ಬೆಳಿಗ್ಗೆಯೇ ಮುಗಿಸುವುದು ಮೇಲು.

ನವನಗರ_ಶೆಡ್:
ಫಿಟ್ಟರ್ ಸರ್, ಧಾರವಾಡದ ಕಾಕಾ, ಇಬ್ಬರಿಗೂ ವಂದನೆಗಳು. ಎರಡನೆಯ ಬದಿಯನ್ನು ಪೂರ್ತಿ ಬಿಚ್ಚಿದೆ. ಸ್ಪಾರಿನ ಅಂಚಿನುದ್ದಕ್ಕೂ ಸುರುಳಿ ಸುರುಳಿಯಾದ ಚೂರುಗಳು ಸಿಕ್ಕವು. ಮೇಜಿನ ಒಂದು ಕಾಲು ತಗ್ಗಿತ್ತು. ಪ್ಲೈವುಡ್ ತುಂಡು ಕೊಟ್ಟು ಎತ್ತಿದ ಮೇಲೆ ಚೌಕಟ್ಟು ನೇರವಾಗಿ ಮಲಗಿದೆ. ಉಳಿದಿರುವುದು 3.5ರ ಬಿಟ್ಟಿನಿಂದ ಕೊರೆದ ಸಾಲು. ಅಲ್ಲಿ ರಿವೆಟ್ ಸಡಿಲವಾಗಿ ಆಡುತ್ತದೆ, ಎರಡು ರಂಧ್ರಗಳು ದುಂಡಗೂ ಇಲ್ಲ. ಅದೇ ಅಳತೆಯ ರಿವೆಟ್ಟನ್ನು ಬಿಗಿಯಾಗಿ ಎಳೆದರೆ ನಡೆಯುತ್ತದೆಯೇ?

ಗೋಕುಲ_ಫಿಟ್ಟರ್:
ನಡೆಯುವುದಿಲ್ಲ. ನಿಮ್ಮ ರಿವೆಟ್ 3.2 ಮಿ.ಮೀ.ನದು, ಅಂದರೆ ಎಂಟನೇ ಒಂದಂಶ ಇಂಚು. ರಂಧ್ರ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಿರಬೇಕು. ಆ ಸಾಲಿಗೆ ಮುಂದಿನ ಅಳತೆಯಾದ 4 ಮಿ.ಮೀ. ರಿವೆಟ್ ಹಾಕಬಹುದು, ಆದರೆ ರಂಧ್ರದ ಮಧ್ಯದಿಂದ ತಗಡಿನ ಅಂಚಿಗೆ ರಿವೆಟ್ಟಿನ ಎರಡು ಪಟ್ಟು, ಅಂದರೆ 8 ಮಿ.ಮೀ., ಉಳಿದಿರಬೇಕು. ಹೊದಿಕೆಯಲ್ಲಿಯೂ ಒಳಗಿನ ಸ್ಪಾರಿನ ಮಡಿಕೆಯಲ್ಲಿಯೂ ವರ್ನಿಯರ್ ಹಿಡಿದು ಅಳೆಯಿರಿ. ಅಂಗಡಿಯ ಪಾಪ್ ರಿವೆಟ್ಟನ್ನು ಮಾತ್ರ ಹಾಕಬೇಡಿ. ಅದರ ಬಲ ಎಷ್ಟೆಂದು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಹಳೆಯ_ಮೈಕ್ರೊಲೈಟ್:
ಅಳತೆ ಸರಿಬಂದರೂ ಆ ಸಾಲಿನ ಚಿತ್ರ ತೆಗೆದು ಕಿಟ್ ತಯಾರಕರಿಗೆ ಕಳುಹಿಸಿ, ಅವರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಮುಚ್ಚಿ. ಆ ಪತ್ರವನ್ನೂ ಚಿತ್ರಗಳನ್ನೂ ದಿನಾಂಕದೊಂದಿಗೆ ದಾಖಲೆ ಪುಸ್ತಕದಲ್ಲಿಡಿ, ಏಕೆಂದರೆ ಹೊದಿಕೆಯ ಒಳಗೆ ಏನು ಮಾಡಿದ್ದೀರಿ ಎಂಬುದಕ್ಕೆ ನಾಳೆ ತಪಾಸಣೆಗೆ ಬರುವವರ ಮುಂದೆ ಬೇರೆ ಸಾಕ್ಷಿ ಇರುವುದಿಲ್ಲ. ಮುಂಬಯಿಯಲ್ಲಿ ಮನೆಯ ಮಾಳಿಗೆಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದ ಅಮೋಲ್ ಯಾದವ್ ಅವರು ಅದನ್ನು 2016ರಲ್ಲಿಯೇ ಜನರ ಮುಂದಿಟ್ಟಿದ್ದರು; ನೋಂದಣಿ ಆದದ್ದು 2017ರಲ್ಲಿ, ಹಾರಿಸಿ ನೋಡಲು ಅನುಮತಿ ಸಿಕ್ಕಿದ್ದು 2019ರಲ್ಲಿ. ಪೂರ್ತಿ ಕಿಟ್ಟಿಗೆ ಹಣ ಕಟ್ಟುವ ಮೊದಲೇ ಡಿಜಿಸಿಎಗೆ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಬರೆದು, ಯಾವ ಯಾವ ಹಂತದಲ್ಲಿ ತಪಾಸಣೆ ಬೇಕೆಂದು ಕೇಳಿಕೊಳ್ಳಿ.

ನವನಗರ_ಶೆಡ್:
ಅಳೆದೆ. ಹೊದಿಕೆಯಲ್ಲಿ 10 ಮಿ.ಮೀ. ಇದೆ, ಸ್ಪಾರಿನ ಮಡಿಕೆಯಲ್ಲಿ ಎಲ್ಲ ಕಡೆಯೂ 8ಕ್ಕಿಂತ ಹೆಚ್ಚಿದೆ, ದುಂಡಗಿಲ್ಲದ ರಂಧ್ರಗಳಲ್ಲಿ ಒಂದರ ಬಳಿ ಮಾತ್ರ ಏಳೂವರೆ. ಚಿತ್ರಗಳನ್ನು ತಯಾರಕರಿಗೆ ಕಳುಹಿಸಿದ್ದೇನೆ. ಉತ್ತರ ಬರುವವರೆಗೆ ಆ ಸಾಲನ್ನು ಕ್ಲೀಕೋಗಳ ಮೇಲೆಯೇ ಬಿಟ್ಟು, ಮೊದಲ ಬದಿಯಲ್ಲಿ ಕೂರದ ರಿವೆಟ್ಟುಗಳನ್ನು ತೆಗೆಯುತ್ತಿದ್ದೇನೆ.